ಕಟ್ಟಿಗೆಯ ಮೇಲಿನ ಬಿಳಿ ಬೀಸಣಿಗೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮನೆ ಹಿಂದೆ ಪೇರಿಸಿಟ್ಟ ಮಾವಿನ ಕಟ್ಟಿಗೆಯ ಮೇಲೆ ಮಳೆಗಾಲದಲ್ಲಿ ಬಿಳಿ ಅಣಬೆಗಳು ಸಾಲುಗಟ್ಟಿ ಎದ್ದಿದ್ದವು. ಚಳಿಗಾಲಕ್ಕೆ ಮುರುಟಿ ಚಕ್ಕೆಯಂತಾದವು. ಮಾರ್ಚಿನಲ್ಲಿ ಒಂದು ಮಳೆ ಹೊಡೆದ ಮಾರನೇ ದಿನ ಮತ್ತೆ ಅರಳಿವೆ. ಅವೇ ಅಣಬೆಗಳೋ, ಹೊಸವೋ? ತಿನ್ನಬಹುದೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಅವೇ. ನೀವು ಹೇಳುವ ಲಕ್ಷಣಗಳು ಸ್ಕೈಜೋಫಿಲಮ್ ಕಮ್ಯೂನ್ ಎಂಬ ಅಣಬೆಗೆ ಸರಿಹೊಂದುತ್ತವೆ. ಖಚಿತವಾಗಬೇಕಾದರೆ ಒಂದನ್ನು ಕಿತ್ತು ತಿರುವಿ ನೋಡಿ. ಮೇಲೆ ಬೂದು-ಬಿಳುಪು, ಕೈಗೆ ಸಿಗುವಷ್ಟು ನವಿರಾದ ರೋಮ. ಅಗಲ 1ರಿಂದ 4 ಸೆಂ.ಮೀ.; ಕಾಂಡವಿಲ್ಲ, ಒಂದು ಬದಿಯಿಂದಲೇ ಮರಕ್ಕೆ ಕಚ್ಚಿಕೊಂಡಿರುತ್ತದೆ. ಗುಟ್ಟು ಇರುವುದು ಅಡಿಯಲ್ಲಿ. ಬೀಸಣಿಗೆಯ ಕಡ್ಡಿಗಳಂತೆ ಹರಡಿದ ತೆಳು ಪಟ್ಟಿಗಳು ಉದ್ದಕ್ಕೂ ನಡುವೆ ಸೀಳಿರುತ್ತವೆ. ಭೂತಗನ್ನಡಿ ಇದ್ದರೆ ಸೀಳು ಎದ್ದು ಕಾಣುತ್ತದೆ. ಚಿಪ್ಪಣಬೆಯ ಪಟ್ಟಿಗಳಲ್ಲಿ ಈ ಸೀಳು ಇರುವುದಿಲ್ಲ.

ಈ ಸೀಳೇ ಅದರ ಬದುಕಿನ ಉಪಾಯ. ಗಾಳಿ ಒಣಗಿದೊಡನೆ ಸೀಳಿನ ಎರಡೂ ಅಂಚುಗಳು ಹೊರಕ್ಕೆ ಸುರುಳಿಯಾಗಿ, ಬೀಜಕಣ ಬಿಡುವ ಮೃದು ಮೈಯನ್ನು ಮುಚ್ಚಿಬಿಡುತ್ತವೆ. ಮಿಕ್ಕ ಬಹುಪಾಲು ಅಣಬೆಗಳು ಎರಡು-ಮೂರು ದಿನದಲ್ಲಿ ಕೊಳೆತು ಹೋಗುವಾಗ ಇದು ಸಾಯದೆ ತಿಂಗಳುಗಟ್ಟಲೆ ಒಣಗಿರುತ್ತದೆ. ನೀರು ತಾಗಿದರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಂಡು ಮತ್ತೆ ಕಣ ಉದುರಿಸತೊಡಗುತ್ತದೆ. ಮನೆಯಲ್ಲೇ ನೋಡಬಹುದು: ಒಣಗಿದ್ದನ್ನು ಬಟ್ಟಲು ನೀರಿನಲ್ಲಿ ಮೂರು ಗಂಟೆ ಇಡಿ. ಅರಳಿದ ಮೇಲೆ ನೀರು ಒರೆಸಿ, ಪಟ್ಟಿಗಳು ಕೆಳಗಾಗುವಂತೆ ಕಪ್ಪು ಕಾಗದದ ಮೇಲಿಟ್ಟು ಲೋಟ ಬೋರಲು ಹಾಕಿ. ಬೆಳಗ್ಗೆ ಕಾಗದದ ಮೇಲೆ ಬಿಳಿ ಪುಡಿಯ ಗುರುತು ಬಿದ್ದಿರುತ್ತದೆ. ಕಂದು ಪುಡಿ ಬಿದ್ದರೆ ಅದು ಬೇರೆ ಜಾತಿ. ಏನೂ ಬೀಳದಿದ್ದರೆ ಅಣಬೆ ತೀರಾ ಹಳತು, ಇಲ್ಲವೇ ಸರಿಯಾಗಿ ನೆನೆದಿಲ್ಲ.

ಇದರ ಸಂತಾನದ ಲೆಕ್ಕವೂ ಬೆರಗು ಹುಟ್ಟಿಸುವಂಥದ್ದು. ಗಂಡು-ಹೆಣ್ಣು ಎಂಬ ಎರಡೇ ಬಗೆ ಇಲ್ಲ. 20,000ಕ್ಕೂ ಹೆಚ್ಚು ಕೂಡುಬಗೆಗಳಿವೆ. ಒಂದೇ ಅಣಬೆಯಿಂದ ಬಿದ್ದ ಕಣಗಳು ಮೊಳೆತು ಹೊರಟ ಎಳೆಗಳು ಸಂಧಿಸಿದರೆ ನಾಲ್ಕರಲ್ಲೊಂದು ಜೋಡಿ ಕೂಡೀತು. ಅದೇ ದೂರದಿಂದ ಹಾರಿಬಂದ ಅಪರಿಚಿತ ಕಣವಾದರೆ ಹೆಚ್ಚುಕಡಿಮೆ ಎಲ್ಲದರ ಜತೆಗೂ ಕೂಡುತ್ತದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಹರಡಿರುವ ಜಾತಿ ಇದು.

ತಿನ್ನುವ ಮಾತು. ಮಣಿಪುರದಲ್ಲಿ ಎಳೆಯದನ್ನು ಬೇಯಿಸಿ ಉಣ್ಣುತ್ತಾರೆ. ಬಲಿತದ್ದು ಚಪ್ಪಲಿ ಚರ್ಮದ ಹಾಗೆ, ಹಲ್ಲಿಗೆ ಬಗ್ಗದು. ಬರೀ ಪತ್ರಿಕೆ ಓದಿ ಗುರುತು ಹಿಡಿದು ಕಾಡಣಬೆ ತಿನ್ನಬೇಡಿ. ಪಳಗಿದವರು ಎದುರಿಗೆ ನೋಡಿ ಹೇಳಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರು ಇದರ ಬೀಜಕಣ ಮೂಗಿಗೆ ಹೋಗದಂತೆ ನೋಡಿಕೊಳ್ಳುವುದೂ ಒಳ್ಳೆಯದು. ಅಪರೂಪಕ್ಕೆ ಶ್ವಾಸಕೋಶದಲ್ಲಿ ಬೇರೂರಿದ್ದುಂಟು.

ಪ್ರಶ್ನೆ: ನಮ್ಮ ತೋಟದಲ್ಲಿ ಅಡಿಕೆ ಮರದ ಬುಡದಲ್ಲೇ ಗಟ್ಟಿ ಅಣಬೆ ಎದ್ದಿದೆ. ಅದೂ ಇಂಥದ್ದೇನಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಡಿಯಲ್ಲಿ ಪಟ್ಟಿಗಳಿಲ್ಲದೆ ಸೂಜಿಮೊನೆಯಷ್ಟು ರಂಧ್ರಗಳಿದ್ದು, ಮೇಲೆ ವಾರ್ನಿಶ್ ಬಳಿದಂತೆ ಕೆಂಗಂದು ಹೊಳಪಿದ್ದರೆ ಅದು ಗ್ಯಾನೊಡರ್ಮಾ, ಅಣಬೆ ರೋಗ ಬಂದಿದೆ ಎಂದೇ ತಿಳಿಯಿರಿ. ಸ್ಕೈಜೋಫಿಲಮ್ ಮುಖ್ಯವಾಗಿ ಸತ್ತ ಮರದ, ಚೇಗಿನ ಸುತ್ತಲ ಬಿಳಿ ಭಾಗವನ್ನು ತಿನ್ನುತ್ತದೆ. ಗ್ಯಾನೊಡರ್ಮಾ ಹಾಗಲ್ಲ, ಬದುಕಿರುವ ಮರದ ಬೇರನ್ನೇ ಕೊಳೆಸುತ್ತದೆ. ಅಣಬೆ ಕಾಣುವ ಹೊತ್ತಿಗೆ ಒಳಗೆ ರೋಗ ಬಲಿತಿರುತ್ತದೆ, ಹಾಗಾಗಿ ಅಣಬೆ ಕಿತ್ತರೆ ಪ್ರಯೋಜನವಿಲ್ಲ. ಹೊರಸೋಗೆ ಹಳದಿಯಾಗಿ ಜೋತು, ಬುಡದಲ್ಲಿ ಕಂದು ರಸ ಒಸರಿದ ಮರ ಉಳಿಯುವುದು ಕಷ್ಟ. ಅಂಥದ್ದನ್ನು ಕಡಿದು, ಬುಡವನ್ನು ಬೇರುಸಮೇತ ಅಗೆದು ಸುಡಿ. ಬೇರಿನಿಂದ ಬೇರಿಗೆ ದಾಟುವ ರೋಗವಾದ್ದರಿಂದ ಸುತ್ತ ಒಂದಡಿ ಅಗಲ, ಎರಡಡಿ ಆಳದ ಚರಂಡಿ ತೆಗೆಯಿರಿ. ಪಕ್ಕದ ಮರಗಳಿಗೆ ವರ್ಷಕ್ಕೆ ತಲಾ 2 ಕೆ.ಜಿ. ಬೇವಿನ ಹಿಂಡಿ ಕೊಡಿ. ಆ ಮರದ ಬುಡದ ನೀರು ಕೆಳಗಿನ ಸಾಲಿಗೆ ಹರಿಯಲು ಬಿಡಬೇಡಿ.