ಏರಿನಲ್ಲಿ ಎಳೆಯದ ಹಳೆಯ ಮಾರುತಿ

ಪ್ರಶ್ನೆ: ತಂದೆಯವರು ಕೊಂಡಿದ್ದ 1998ರ ಮಾರುತಿ 800 ಕಾರನ್ನು ಈಗಲೂ ದಿನನಿತ್ಯ ಓಡಿಸುತ್ತಿದ್ದೇನೆ. ನಾಲ್ವರು ಕುಳಿತರೆ ನಂದಿ ಬೆಟ್ಟದ ತಿರುವುಗಳಲ್ಲಿ ಮೊದಲ ಗೇರಿನಲ್ಲೂ ತಿಣುಕುತ್ತದೆ. ಮಾರುತಿಯದೇ ಝೆನ್ ಕಾರಿನ ಎಂಜಿನ್ ಕೂರಿಸಿ, ಹೊಗೆ ಸಲೀಸಾಗಿ ಹೊರಹೋಗುವ ಫ್ರೀ-ಫ್ಲೋ ಸೈಲೆನ್ಸರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ದಯವಿಟ್ಟು ಮಾಡಿಸಬೇಡಿ. ಎಂಜಿನ್ನಿಗೆ ಮೊದಲಿದ್ದ ಶಕ್ತಿಯಲ್ಲಿ ಈಗ ಎಷ್ಟು ಉಳಿದಿದೆ ಎಂಬುದನ್ನು ನೋಡದೆ ಹೊಸ ಶಕ್ತಿಗಾಗಿ ಹಣ ಸುರಿಯುವುದು ಸರಿಯಲ್ಲ. 796 ಸಿಸಿಯ, ಮೂರು ಸಿಲಿಂಡರಿನ ಈ ಎಂಜಿನ್ ಹೊಸದಿದ್ದಾಗಲೂ 40 ಅಶ್ವಶಕ್ತಿ ಮುಟ್ಟುತ್ತಿರಲಿಲ್ಲ. ಸಮುದ್ರಮಟ್ಟದಿಂದ 1000 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ನಿಮ್ಮ ಊರೇ 900 ಮೀಟರಿನ ಆಸುಪಾಸಿನಲ್ಲಿದೆ, ಬೆಟ್ಟದ ತುದಿ 1478 ಮೀಟರಿನಲ್ಲಿದೆ. ಗಾಳಿ ತೆಳುವಾದಷ್ಟೂ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ, ಪ್ಲಗ್‌ಗಳು ಮಸಿ ಹಿಡಿಯುತ್ತವೆ.

ಖರ್ಚಿಲ್ಲದ ಒಂದು ಪರೀಕ್ಷೆಯನ್ನು ನೀವೇ ಮಾಡಿ. ಎಂಜಿನ್ ಆರಿಸಿ, ಏರ್ ಫಿಲ್ಟರಿನ ಡಬ್ಬಿ ತೆಗೆದು, ಮನೆಯವರೊಬ್ಬರಿಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲು ಹೇಳಿ, ಟಾರ್ಚ್ ಬಿಟ್ಟು ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡಿ. ಮೇಲಿನ ಚೋಕ್ ತಗಡೂ ಅದರ ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ತಗಡೂ ಗಾಳಿಗೆ ದಾರಿ ಬಿಟ್ಟು ನೆಟ್ಟಗೆ ನಿಲ್ಲಬೇಕು. ಕೇಬಲ್ ಸಡಿಲವಾಗಿದ್ದರೆ ಅಥವಾ ಪೆಡಲಿನ ಕೆಳಗೆ ಮ್ಯಾಟ್ ದಪ್ಪವಾಗಿದ್ದರೆ ಥ್ರಾಟಲ್ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ಎಷ್ಟೋ ಹಳೆಯ ಕಾರುಗಳು ಇರುವ ಶಕ್ತಿಯನ್ನೂ ಬಳಸದೆ ಓಡುತ್ತಿರುತ್ತವೆ. ಬಳಿಕ ಟ್ಯಾಪೆಟ್ ಅಂತರ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು), ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ), ಕ್ಲಚ್ ಜಾರುವಿಕೆ, ಹಿಡಿದುಕೊಂಡ ಬ್ರೇಕು, ಟೈರಿನ ಗಾಳಿ ಎಲ್ಲವನ್ನೂ ಸರಿಪಡಿಸಿಕೊಳ್ಳಿ.

ಆಮೇಲೂ ಎಳೆಯದಿದ್ದರೆ ಮೂರೂ ಸಿಲಿಂಡರುಗಳ ಕಂಪ್ರೆಷನ್ (ಪಿಸ್ಟನ್ ಅದುಮಿದಾಗ ಒಳಗೆ ಏಳುವ ಒತ್ತಡ) ಅಳೆಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗು ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವ್‌ಗಳು ಸರಿಯಾಗಿ ಕೂರುತ್ತಿಲ್ಲವೆಂದು ಸಂಶಯಪಡಬೇಕು.

ಫ್ರೀ-ಫ್ಲೋ ಸೈಲೆನ್ಸರಿನಿಂದ ಲಾಭವೇನಾದರೂ ಇದ್ದರೆ ಅದು ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ನಿಮಗೆ ಬೇಕಾದದ್ದು ನಿಧಾನ ವೇಗದ ಎಳೆತ. ಅದು ಇನ್ನಷ್ಟು ಕುಗ್ಗಬಹುದು, ಸದ್ದು ಮಾತ್ರ ಖಂಡಿತ ಹೆಚ್ಚುತ್ತದೆ. 993 ಸಿಸಿಯ ಝೆನ್ ಎಂಜಿನ್ನಿಗೆ ನಿಜಕ್ಕೂ ಹೆಚ್ಚು ಶಕ್ತಿಯಿದೆ. ಆದರೆ ನಿಮ್ಮ ಕಾರಿನ ಬ್ರೇಕು, 12 ಇಂಚಿನ ಚಕ್ರ, ಗೇರ್‌ಬಾಕ್ಸ್ ಎಲ್ಲವೂ ಚಿಕ್ಕ ಎಂಜಿನ್ನಿಗೆ ತಕ್ಕಂತೆ ಮಾಡಿದವು; ಹತ್ತುವಾಗ ಸಿಗುವ ಸುಖಕ್ಕೆ ಇಳಿಯುವಾಗ ಬೆಲೆ ತೆರಬೇಕಾದೀತು ಎಂಬುದೇ ನನ್ನ ದೊಡ್ಡ ಆತಂಕ. ಕಾನೂನೂ ಒಪ್ಪುವುದಿಲ್ಲ. ತಯಾರಕರು ಮೂಲದಲ್ಲಿ ನೀಡಿದ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ.

ಬೋರ್ ಸವೆದಿದ್ದರೆ ಎಂಜಿನ್ನಿನ ಅದೇ ಬ್ಲಾಕಿನ ಸಿಲಿಂಡರುಗಳನ್ನು ತುಸು ಹಿಗ್ಗಿಸಿ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು ಹಾಕಿಸಿ, ವಾಲ್ವ್‌ಗಳನ್ನೂ ಕೂರಿಸಿಕೊಳ್ಳಿ; ಎಂಜಿನ್ ಸಂಖ್ಯೆ ಬದಲಾಗುವುದಿಲ್ಲ. ಮೊದಲ 1000 ಕಿಲೋಮೀಟರ್ ಭಾರ ಹೇರದೆ ಓಡಿಸಿ, ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಿದ ಮೇಲೆಯೇ ನಾಲ್ವರನ್ನು ಕೂರಿಸಿಕೊಂಡು ಏರಿಗೆ ಹೋಗಿ.