ಚಿಂತಾಮಣಿಯಲ್ಲಿ ಎಲ್ಲ ಧರ್ಮದವರೂ ಕೂರುವಂಥ ಪದ್ಯ-ಹಾಡಿನ ಕೂಟ ಹೇಗೆ ನಡೆಸೋದು?

ತಿಂಗಳಿಗೊಮ್ಮೆ ಇಪ್ಪತ್ತೈದು ಜನ ಸೇರಬೇಕು, ಪದ್ಯ, ಹಾಡು, ಚಿತ್ರ ಎಲ್ಲ ಇರಬೇಕು, ಆದರೆ ಭಾಷಣದ ಸರ್ವಧರ್ಮ ಸಮ್ಮೇಳನ ಆಗಬಾರದು ಅಂದಿದ್ದೀರಿ. ಹಾಗಾದರೆ ಮೊದಲು ಮೈಕು, ಶಾಲು, ಮುಖ್ಯ ಅತಿಥಿ ಮೂರನ್ನೂ ಬಿಡಿ. ಮೈಕ್ ಕೈಗೆ ಬಂದರೆ ಎಂಥವರ ಬಾಯಲ್ಲೂ ‘ಎಲ್ಲ ಧರ್ಮಗಳ ಸಾರ ಒಂದೇ’ ಶುರುವಾಗುತ್ತೆ, ಇಪ್ಪತ್ತು ನಿಮಿಷ ಹೋಯ್ತು ಅಂತಲೇ ಲೆಕ್ಕ.

ಗುಡಿ, ದರ್ಗಾ, ಚರ್ಚ್ ಹಾಲ್ ಯಾವುದೂ ಬೇಡ, ಶಾಲೆಯ ಒಂದು ಕೋಣೆ ಸಾಕು. ಜಮಖಾನ ಹಾಸಿ ಸುತ್ತ ಕೂರಿ. ಮಂಡಿನೋವಿನವರ ಕುರ್ಚಿಯೂ ಅದೇ ಸುತ್ತಿನಲ್ಲಿರಲಿ, ಹಿಂದಕ್ಕೆ ಹಾಕಬೇಡಿ. ದೀಪ ಬೆಳಗೋದೂ ಬೇಡ, ಅದಕ್ಕೆ ಕೆಲವರು ಹಿಂದೇಟು ಹಾಕ್ತಾರೆ. ಬಾಯಿಬಿಟ್ಟು ಹೇಳಲ್ಲ, ಮುಂದಿನ ತಿಂಗಳು ಬರಲ್ಲ ಅಷ್ಟೆ.

ಭಾನುವಾರ ಬೆಳಿಗ್ಗೆ ಚರ್ಚಿನ ಹೊತ್ತು, ಹಾಗಾಗಿ ಮಧ್ಯಾಹ್ನದ ಮೇಲೆ ಇಡಿ. ಆದರೆ ವರ್ಷಪೂರ್ತಿ ‘4ರಿಂದ 6’ ಅಂತ ಅಚ್ಚು ಹಾಕಿಸಬೇಡಿ. ಮಗ್ರಿಬ್ ನಮಾಜ್ ಸೂರ್ಯ ಮುಳುಗಿದ ಕೂಡಲೇ. ನಮ್ಮ ಕಡೆ ನವೆಂಬರ್ ಕೊನೆಗೆ ಸುಮಾರು 5.50ಕ್ಕೆ ಮುಳುಗಿದರೆ ಜುಲೈ ಮೊದಲಲ್ಲಿ 6.50 ಆಗುತ್ತೆ. ಅದಕ್ಕೆ ಕಾಲು ಗಂಟೆ ಮುಂಚೆ ಮುಗಿಸಿ.

‘ಶಾಂತಿ’, ‘ಸೌಹಾರ್ದ’ ವಿಷಯ ಆಗಲ್ಲ. ಬಾವಿ, ಸಾಲ, ಹಸಿವು, ಬಳೆ ಇಂಥವು ಇಡಿ. ಬಳೆ ಅಂತ ಸುಮ್ಮನೆ ಅಂದಿದ್ದಲ್ಲ: ನಿಮ್ಮ ತಾಲ್ಲೂಕಿನ ಕೈವಾರದ ಸಂತಕವಿ ಯೋಗಿ ನಾರೇಯಣ ತಾತಯ್ಯನವರು ಬಳೆ ಮಾರುತ್ತಿದ್ದವರು, ತೆಲುಗು-ಕನ್ನಡ ಎರಡರಲ್ಲೂ ಹಾಡು ಕಟ್ಟಿದವರು. ನಿಮ್ಮೂರಲ್ಲಿ ಮನೆಯಲ್ಲಿ ತೆಲುಗು, ದಖನಿ ಉರ್ದು ಆಡೋರು ಬೇಕಾದಷ್ಟು ಜನ. ಮೂರೇ ಓದು, ಒಂದೊಂದೂ 8ರಿಂದ 12 ಸಾಲು. ಮೂಲ ಯಾವ ಭಾಷೆಯದಾದರೂ ಕನ್ನಡ ಲಿಪಿಯಲ್ಲಿ, ಪಕ್ಕದಲ್ಲಿ ಅರ್ಥ, ಅಕ್ಷರ ದಪ್ಪ. ಒಬ್ಬರು ಮೂಲ ಓದಲಿ, ಇನ್ನೊಬ್ಬರು ಅರ್ಥ. ಆಮೇಲೆ ಮೂರು ನಿಮಿಷ ಮೌನ, ಮತ್ತೆ ಮೂಲ.

ಕೆಡೋದು ಈ ಮೌನದಲ್ಲೇ. ಮೊದಲ ನಿಮಿಷ ಕೆಮ್ಮು, ಹಾಳೆ ಸದ್ದು. ಎರಡನೇದರಲ್ಲಿ ಯಾರೋ ‘ಮುಂದಕ್ಕೆ ಹೋಗೋಣ್ವಾ’ ಅಂತಾರೆ. ಬಿಟ್ಟುಕೊಡಬೇಡಿ, ಜನ ಸಾಲಿನ ಒಳಗೆ ಇಳಿಯೋದು ಮೂರನೇ ನಿಮಿಷದಲ್ಲೇ. ಗಡಿಯಾರ ಒಬ್ಬರ ಕೈಲೇ ಇರಲಿ.

ಮಾತಿಗೆ ತಲಾ ಎರಡು ನಿಮಿಷ, ಅಲ್ಲಿಗೆ ಐವತ್ತು ನಿಮಿಷ. ‘ನಮ್ಮ ಧರ್ಮದಲ್ಲಿ’ ಅನ್ನಬಾರದು, ‘ನನಗೆ’ ಅನ್ನಬೇಕು. ಬಂದಿರೋ ಒಬ್ಬರೇ ಕ್ರೈಸ್ತರನ್ನ ‘ಬೈಬಲ್ ಏನನ್ನುತ್ತೆ’ ಅಂತ ಕೇಳೋದು, ನನ್ನ ಪ್ರಕಾರ, ಮರ್ಯಾದೆಯ ವೇಷ ಹಾಕಿದ ಪರೀಕ್ಷೆ.

ಚಿತ್ರಕ್ಕೆ ಇದ್ದಿಲು, ಕಾಲು ಚಾರ್ಟ್ ಹಾಳೆ, ಇಪ್ಪತ್ತು ನಿಮಿಷ. ಮನುಷ್ಯ, ಪ್ರಾಣಿ ರೂಪ ಬರೆಯೋದು ಕೆಲವು ಮುಸ್ಲಿಮರಿಗೆ ಒಪ್ಪಿಗೆಯಿಲ್ಲ. ಎಲೆ, ಚುಕ್ಕಿ ರಂಗೋಲಿ, ಅಕ್ಷರ ಆದರೆ ತಕರಾರಿಲ್ಲ. ಹಾಡು ಕೊನೆಗೆ, ಒಂದೇ. ಭಜನೆಯವರು ನಿಧಾನಕ್ಕೆ ಎತ್ತಿಕೊಂಡು ದ್ರುತಕ್ಕೆ, ಅಂದರೆ ವೇಗದ ಲಯಕ್ಕೆ ಒಯ್ತಾರೆ, ಚಪ್ಪಾಳೆ ಬೀಳುತ್ತೆ. ನಡುವೆ ಹಾಡಿಸಿದರೆ ಆಮೇಲೆ ಮೌನ ಕೂರಲ್ಲ.

ತಿಂಡಿಗೆ ಪ್ರಸಾದ ಅನ್ನೋ ಹೆಸರು ಬೇಡ. ರಾತ್ರಿ ನೆನೆಸಿದ ಒಂದು ಕೆಜಿ ಕಡಲೆಕಾಳು ಬೆಂದರೆ ಎರಡು ಕೆಜಿ ಆಗುತ್ತೆ, ಇಪ್ಪತ್ತೈದು ಜನಕ್ಕೆ ಸಾಕು. ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಒಗ್ಗರಣೆ ಕೊಡಿ. ರಂಜಾನ್ ತಿಂಗಳಲ್ಲಿ ತಿಂಡಿಯೇ ಬೇಡ.

ಮುರುಗಮಲ್ಲದ ದರ್ಗಾಕ್ಕೂ ಕೈವಾರಕ್ಕೂ ಒಟ್ಟಿಗೆ ಹೋಗಿಬರೋದನ್ನ ಆರು ತಿಂಗಳಾದ ಮೇಲೆ ಇಟ್ಟುಕೊಳ್ಳಿ, ಪರಿಚಯ ಹದಕ್ಕೆ ಬಂದಿರುತ್ತೆ. ಗುರುಪೂರ್ಣಿಮೆಯ ವಾರ ಮಾತ್ರ ಕೂಟ ಇಡಬೇಡಿ. ಕೈವಾರದಲ್ಲಿ 72 ಗಂಟೆ ಅಖಂಡ ಸಂಗೀತ ನಡೆಯುತ್ತೆ, ಹಾಡೋರು ಒಬ್ಬರೂ ಸಿಗಲ್ಲ.