ಕೇಳಿ, ಹೇಳುತ್ತೇವೆ: ಹಳೇ ಮೋಟಾರ್ ಯಾಟ್ ಮಗ್ಗುಲಿಗೆ ಓಲಾಡಿದರೆ

ಪ್ರಶ್ನೆ: ನಮ್ಮದು 1990ರ ದಶಕದ ಫೈಬರ್ ಮೋಟಾರ್ ಯಾಟ್, ಸೆಕೆಂಡ್ ಹ್ಯಾಂಡ್. ಉದ್ದ 14 ಮೀಟರ್, ಅಗಲ 4.5 ಮೀಟರ್, ತೂಕ ಸುಮಾರು 18 ಟನ್, ಓಟ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.). ಮಾಂಡೋವಿಯಿಂದ ಗ್ರ್ಯಾಂಡ್ ಐಲ್ಯಾಂಡಿಗೆ ಬೆಳಿಗ್ಗೆ ಹೋಗುವಾಗ ಸುಖ. ಮಧ್ಯಾಹ್ನ ವಾಪಸ್ ಬರುವಾಗ ಎರಡೂ ಮಗ್ಗುಲಿಗೆ ಓಲಾಡಿ ಅತಿಥಿಗಳು ವಾಂತಿ ಮಾಡುತ್ತಾರೆ. ಓಲಾಟ ತಡೆಯಲು ತಳದ ಎರಡೂ ಮಗ್ಗುಲಿಗೆ ರೆಕ್ಕೆಯಂಥ ಫಿನ್ ಹಾಕಿಸುವುದೋ, ಒಳಗೆ ವೇಗವಾಗಿ ತಿರುಗುವ ಚಕ್ರದ ಜೈರೋ ಹಾಕಿಸುವುದೋ?
– ಓದುಗರು, ವಾಸ್ಕೋ

ಉತ್ತರ: ಕೊಟೇಶನ್ ತರಿಸುವ ಮೊದಲು ಓಲಾಟದ ಅವಧಿ ಅಳೆಯಿರಿ, ಅದಕ್ಕೆ ಖರ್ಚಿಲ್ಲ. ಗಾಳಿಯೂ ನೀರಿನ ಹರಿವೂ ನಿಂತ ಹೊತ್ತು ನೋಡಿ ಜೆಟ್ಟಿಯ ಹಗ್ಗಗಳನ್ನು ಸಡಿಲ ಬಿಡಿ. ಕೀಲ್ (ತಳದ ನಡುಬೆನ್ನು) ಕೆಳಗೆ ಸಾಕಷ್ಟು ನೀರಿರಲಿ. ಡೀಸೆಲ್ ಮತ್ತು ನೀರಿನ ಟ್ಯಾಂಕುಗಳು ಪೂರ್ತಿ ತುಂಬಿರಬೇಕು, ಇಲ್ಲವೇ ಖಾಲಿಯಿರಬೇಕು. ಅರ್ಧ ತುಂಬಿದ ಟ್ಯಾಂಕು ಲೆಕ್ಕ ಕೆಡಿಸುತ್ತದೆ. ಇಬ್ಬರು ಖಲಾಸಿಗಳು ಒಂದು ಅಂಚಿನಲ್ಲಿ ನಿಂತು ತಾಳಕ್ಕೆ ಸರಿಯಾಗಿ ತುಳಿದು ಬೋಟನ್ನು ಓಲಾಡಿಸಲಿ, ಆಮೇಲೆ ನಡುವೆ ಬಂದು ಅಲುಗಾಡದೆ ನಿಲ್ಲಲಿ. ಎಡಕ್ಕೆ ವಾಲಿ, ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದರೆ ಒಂದು. ಐದಾರಕ್ಕೇ ಓಲಾಟ ಸತ್ತುಹೋಗುತ್ತದೆ. ಆದ್ದರಿಂದ ಐದೈದರಂತೆ ಮೂರು ಸಲ ಅಳೆದು, ಒಂದಕ್ಕೆ ಎಷ್ಟು ಸೆಕೆಂಡ್ ಎಂದು ಸರಾಸರಿ ತೆಗೆಯಿರಿ. ಅದೇ ಅವಧಿ.

ಈಗ ಬೋಟಿನ ಅಗಲವನ್ನು 0.8ರಿಂದ ಗುಣಿಸಿ, ಅವಧಿಯಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ. ಅದು ಜಿಎಂ, ಅಂದರೆ ವಾಲಿದ ಬೋಟು ಎಷ್ಟು ಗಟ್ಟಿಯಾಗಿ ನೆಟ್ಟಗಾಗುತ್ತದೆ ಎಂಬುದರ ಅಂದಾಜು ಅಳತೆ. ನಿಮ್ಮ 4.5 ಮೀಟರಿಗೆ ಅವಧಿ 4 ಸೆಕೆಂಡ್ ಬಂದರೆ ಜಿಎಂ ಸುಮಾರು 0.8 ಮೀಟರ್, ಚಿಂತೆಯಿಲ್ಲ. 6 ಸೆಕೆಂಡ್ ಬಂದರೆ 0.36. ಆಗ ಫಿನ್ನಿನ ಮಾತು ಬದಿಗಿಟ್ಟು, ಹಿಂದಿನ ಮಾಲೀಕರು ಮೇಲ್ಗಡೆ ಏನೇನು ಏರಿಸಿದ್ದಾರೆ ನೋಡಿ: ಹಾರ್ಡ್‌ಟಾಪ್, ಎಸಿ ಯೂನಿಟ್, ಸೋಲಾರ್, ಚಾವಣಿ ಮೇಲೊಂದು ಡಿಂಗಿ (ಪುಟ್ಟ ದೋಣಿ). 300 ಕೆ.ಜಿ. ಭಾರವನ್ನು ಎರಡೂವರೆ ಮೀಟರ್ ಕೆಳಗಿಳಿಸಿದರೆ 18 ಟನ್ ಬೋಟಿನ ಜಿಎಂ 4 ಸೆಂ.ಮೀ. ಏರುತ್ತದೆ. ಇಷ್ಟು ಮೆತ್ತಗಿನ ಬೋಟಿಗೆ ನೇವಲ್ ಆರ್ಕಿಟೆಕ್ಟ್ ಕರೆಸಿ ತೂಕವಿಟ್ಟು ವಾಲಿಸುವ ಪರೀಕ್ಷೆ ಮಾಡಿಸಲೇಬೇಕು. ಫಿನ್ ಆಗಲಿ ಜೈರೋ ಆಗಲಿ ಓಲಾಟ ಕಡಿಮೆ ಮಾಡುತ್ತದೆಯೇ ಹೊರತು ಬೋಟು ಮಗುಚದಂತೆ ಕಾಯುವುದಿಲ್ಲ. ಕರೆಂಟ್ ಹೋದ ಕ್ಷಣ ಹಳೇ ಬೋಟೇ ನಿಮ್ಮ ಕೈಗೆ ವಾಪಸ್.

ಮಧ್ಯಾಹ್ನವೇ ಏಕೆ ಎಂದರೆ, ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಗೋವಾ ತೀರದಲ್ಲಿ ಊಟದ ಹೊತ್ತಿಗೆ ವಾಯುವ್ಯದ ಕಡಲಗಾಳಿ ಏಳುತ್ತದೆ. ಅದು ಎಬ್ಬಿಸುವ ಅಲೆ ಗಿಡ್ಡ, ಅವಧಿ ನಾಲ್ಕೈದು ಸೆಕೆಂಡ್. ನಿಮ್ಮ ದಾರಿ ಹೆಚ್ಚುಕಡಿಮೆ ದಕ್ಷಿಣೋತ್ತರ, ಹಾಗಾಗಿ ವಾಪಸ್ ಬರುವಾಗ ಅಲೆ ಎಡಮುಂದಿನಿಂದ ಓರೆಯಾಗಿ ಮಗ್ಗುಲಿಗೆ ಸಿಗುತ್ತದೆ. ಅಲೆಯ ತಾಳ, ಬೋಟಿನ ತಾಳ ಒಂದಾದಾಗ ಓಲಾಟ ಏರುತ್ತಲೇ ಹೋಗುತ್ತದೆ. ಬೋಟು ನಡೆಸುವ ತಾಂಡೇಲರು ದಿಕ್ಕನ್ನು 20–30 ಡಿಗ್ರಿ ತಿರುಗಿಸಿ ಅಂಕುಡೊಂಕಾಗಿ ಬಂದರೆ ಇವತ್ತೇ ಅರ್ಧ ಪರಿಹಾರ.

ಇನ್ನು ಯಂತ್ರ. ಫಿನ್ನಿನ ಬಲ ವೇಗದ ವರ್ಗದಂತೆ ಏರುತ್ತದೆ. ಅರ್ಧ ಚದರ ಮೀಟರಿನ ಒಂದು ಫಿನ್ 8 ನಾಟಿನಲ್ಲಿ ಅಂದಾಜು 350 ಕೆ.ಜಿ. ಬಲ ಕೊಡುತ್ತದೆ, ಎರಡೂ ಸೇರಿ ನಿಮ್ಮ ಬೋಟನ್ನು 5 ಡಿಗ್ರಿಗೂ ಮಿಕ್ಕಿ ವಾಲಿಸಬಲ್ಲವು, ಅಂದರೆ ಅಷ್ಟು ಓಲಾಟವನ್ನು ತಡೆಯಬಲ್ಲವು. 4 ನಾಟಿಗಿಳಿದರೆ ಅದೇ ಫಿನ್ 90 ಕೆ.ಜಿ.ಗಿಂತ ಕಡಿಮೆ. ನಿಂತರೆ ಏನೂ ಇಲ್ಲ. ನಿಂತಾಗಲೂ ಬೀಸುವ ಫಿನ್‌ಗಳಿವೆ, ಆದರೆ ಅವು ದೊಡ್ಡವು, ಜನರೇಟರ್ ಸದಾ ಓಡುತ್ತಿರಬೇಕು. ಜೈರೋ ವೇಗ ಕೇಳುವುದಿಲ್ಲ, ಬೋಟಿನ ತಳಕ್ಕೆ ತೂತು ಹೊಡೆಯಬೇಕಿಲ್ಲ. 1932ರ ಇಟಲಿಯ ಹಡಗು ‘ಕಾಂಟೆ ದಿ ಸಾವೋಯಾ’ದಲ್ಲೇ ಮೂರು ದೈತ್ಯ ಜೈರೋಗಳಿದ್ದವು, ಹೊಸ ವಿದ್ಯೆಯೇನಲ್ಲ. ನಿಮ್ಮ ಅಳತೆಗೆ ಬೇಕಾದದ್ದು ಸುಮಾರು ಅರ್ಧ ಟನ್ ತೂಗುತ್ತದೆ, ಎರಡು-ಮೂರು ಕಿಲೋವ್ಯಾಟ್ ಬೇಡುತ್ತದೆ, ಪೂರ್ತಿ ವೇಗಕ್ಕೇರಲು ಅರ್ಧ ಗಂಟೆಯಿಂದ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಅದರ ಬಲವೆಲ್ಲ ಕೆಲವೇ ಬೋಲ್ಟುಗಳ ಮೂಲಕ ಬೋಟಿನ ತಳವನ್ನು ಉದ್ದಕ್ಕೆ ಬಿಗಿಹಿಡಿಯುವ ಹಳೇ ಸ್ಟ್ರಿಂಜರ್‌ಗಳಿಗೆ ಹೋಗುತ್ತದೆ ಎಂಬುದನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಮೂವತ್ತು ವರ್ಷದ ಬೋಟಿನಲ್ಲಿ ಸ್ಟ್ರಿಂಜರ್ ಒಳಗಿನ ಮರ ಕೊಳೆತಿರುವುದು ಮಾಮೂಲು. ಸುತ್ತಿಗೆಯಿಂದ ತಟ್ಟಿ ನೋಡಿ, ಡಬ್ಬೆನ್ನುವ ಸದ್ದು ಬಂದರೆ ಮೊದಲು ಅದನ್ನು ಸರಿಮಾಡಿಸಿ.

ನಿಮ್ಮ ತೊಂದರೆ ಓಡುವಾಗಿನದು, ವೇಗ 8 ನಾಟ್. ನಮ್ಮ ಮತ ಫಿನ್ನಿಗೆ. ಜಾಗ ಬೋಟಿನ ನಡುಭಾಗ ಅಥವಾ ತುಸು ಹಿಂದೆ. ತುದಿ ಬೋಟಿನ ಅಗಲದಿಂದಾಚೆಗಾಗಲಿ ಕೀಲಿನಿಂದ ಕೆಳಕ್ಕಾಗಲಿ ಚಾಚಬಾರದು, ಇಲ್ಲವಾದರೆ ಜೆಟ್ಟಿಗೋ ಮರಳಿಗೋ ತಾಗಿ ಮುರಿಯುತ್ತದೆ. ತೂತು ಕೊರೆದಾಗ ಬರುವ ಬಿಲ್ಲೆಯನ್ನು ಎಸೆಯಲು ಬಿಡಬೇಡಿ, ಕೈಯಲ್ಲಿ ಹಿಡಿದು ನೋಡಿ: ದಪ್ಪ ಎಷ್ಟು, ನಡುವೆ ಬಾಲ್ಸಾ ಮರವಿದೆಯೇ, ಪದರಗಳ ನಡುವೆ ತೇವವಿದೆಯೇ. ಬಾಲ್ಸಾ ಇದ್ದರೆ ಅಷ್ಟು ಭಾಗ ಕೆತ್ತಿ ಗಟ್ಟಿ ಫೈಬರ್ ತುಂಬಬೇಕು. ಫಿನ್ ಸುತ್ತ ಮುಕ್ಕಾಲು ಮೀಟರ್ ಚೌಕದಲ್ಲಿ ಬೋಟಿನ ತಳದ ದಪ್ಪ ಎರಡರಿಂದ ಮೂರು ಪಟ್ಟಾಗಬೇಕು, ಅಂಚಿಗೆ ಹೋಗುತ್ತಾ ತೆಳುವಾಗಬೇಕು. ಒಳಗಡೆ ಫಿನ್ನಿನ ಯಂತ್ರದ ಸುತ್ತ ನೀರುಬಿಡದ ಪೆಟ್ಟಿಗೆ ಕಟ್ಟಿಸಿ. ಫಿನ್ ಕಿತ್ತುಹೋದರೂ ನೀರು ಅಲ್ಲಿಗೇ ನಿಲ್ಲುತ್ತದೆ. ಬೋಟು ಹೇಗೂ ಜೂನಿನಲ್ಲಿ ನೀರಿನಿಂದ ಮೇಲೆ ಬರುತ್ತದೆ ಎಂದು ಫೈಬರ್ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಆ ತೇವದಲ್ಲಿ ಹಳೇ ಫೈಬರಿಗೆ ಹೊಸ ಪದರ ಸರಿಯಾಗಿ ಹಿಡಿಯುವುದಿಲ್ಲ. ಲ್ಯಾಮಿನೇಶನ್ ಮೇ ಒಳಗೆ ಮುಗಿಯಲಿ, ಯಂತ್ರ ಜೋಡಣೆ ಮಳೆಯಲ್ಲಿ ನಡೆಯಲಿ. ಅತಿಥಿಗಳನ್ನು ಬಾಡಿಗೆಗೆ ಒಯ್ಯುವುದಾದರೆ ಕೊರೆಯುವ ಮೊದಲೇ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯ ಸರ್ವೇಯರಿಗೆ ನಕ್ಷೆ ತೋರಿಸಿ.

ಅಷ್ಟು ಹಣವಿಲ್ಲದಿದ್ದರೆ ಬಿಲ್ಜ್ ಕೀಲ್, ಅಂದರೆ ತಳದ ಎರಡೂ ಮಗ್ಗುಲಿಗೆ ಉದ್ದಕ್ಕೆ ಕೂರಿಸುವ ಪಟ್ಟಿ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ 1870ರ ದಶಕದಲ್ಲೇ ಹಡಗಿನ ಮೇಲೆ ಪರೀಕ್ಷಿಸಿದ ಉಪಾಯ. ನಿಮಗೆ ಎರಡೂ ಕಡೆ ನಾಲ್ಕೂವರೆ ಮೀಟರ್ ಉದ್ದ, 25–30 ಸೆಂ.ಮೀ. ಆಳ ಸಾಕು. ಫಿನ್ನಿನಷ್ಟು ಕೆಲಸ ಮಾಡದು, ಆದರೆ ನಿಂತಾಗಲೂ ಮಾಡುತ್ತದೆ, ಕೆಡುವ ಭಾಗವೇ ಇಲ್ಲ.

ಪ್ರಶ್ನೆ: ಗೇಟ್‌ವೇ ಎದುರು ಲಂಗರು ಹಾಕಿ ನಿಲ್ಲುವ 12 ಮೀಟರ್ ಬೋಟು ನಮ್ಮದು. ಓಡುವಾಗ ತೊಂದರೆಯಿಲ್ಲ. ಎಲಿಫೆಂಟಾ, ಮಾಂಡ್ವಾ ಲಾಂಚುಗಳು ಹಾದುಹೋದಾಗ ಮಾತ್ರ ಕಪ್ಪಿನ ಚಹಾ ನಿಲ್ಲುವುದಿಲ್ಲ. ಜೈರೋ ಬೇಕೇ?
– ಓದುಗರು, ಮುಂಬೈ

ಉತ್ತರ: ಬೇಡ, ಮೊದಲು ತೂಗುತಟ್ಟೆ ಹಾಕಿ ನೋಡಿ. 8–10 ನಾಟಿನ ಲಾಂಚು ಹಿಂದೆ ಬಿಡುವ ಅಲೆಯ ಅವಧಿ ಹೆಚ್ಚೆಂದರೆ ಮೂರು ಸೆಕೆಂಡಿನ ಆಸುಪಾಸು, ನಿಮ್ಮಂಥ ಬೋಟಿನ ಓಲಾಟಕ್ಕೆ ಹತ್ತಿರದ್ದು. ಮುಕ್ಕಾಲು ಮೀಟರ್ ಚೌಕದ ಅಲ್ಯೂಮಿನಿಯಂ ತಟ್ಟೆಗೆ ನಾಲ್ಕು ಮೂಲೆಯಿಂದ ಹಗ್ಗ ಕಟ್ಟಿ, ನಡುವೆ ಉದ್ದಕ್ಕೆ ಕತ್ತರಿಸಿ ಹಿಂಜ್ ಹಾಕಿಸಿ: ಕೆಳಗಿಳಿಯುವಾಗ ಮಡಚಿಕೊಳ್ಳಬೇಕು, ಮೇಲೆಳೆದಾಗ ಅಗಲವಾಗಿ ನೀರು ಹಿಡಿಯಬೇಕು. ಕೆಳಗೆ ಐದಾರು ಕೆ.ಜಿ. ಸೀಸ ಕಟ್ಟದಿದ್ದರೆ ಬೇಗ ಇಳಿಯದೆ ಹಗ್ಗ ಸಡಿಲಾಗಿ, ಮುಂದಿನ ಓಲಾಟಕ್ಕೆ ಜಗ್ಗಿ ತುಂಡಾಗುತ್ತದೆ. ಎರಡೂ ಕಡೆ ಒಂದೊಂದು, ನೀರಿನೊಳಗೆ ಮೂರು ಮೀಟರ್. ಕಡು ಇಳಿತದಲ್ಲಿ ಕೆಸರಿಗೆ ತಾಗದಷ್ಟು ಆಳ ಕೆಳಗೆ ಉಳಿಯುತ್ತದೆಯೇ ನೋಡಿಕೊಳ್ಳಿ.

ಹೆಚ್ಚಿನವರು ಇದನ್ನು ಅಂಚಿನಲ್ಲಿ ಹಗ್ಗ ಸುತ್ತುವ ಕ್ಲೀಟಿಗೇ ಕಟ್ಟಿ ‘ಉಪಯೋಗವಿಲ್ಲ’ ಎನ್ನುತ್ತಾರೆ. ಬೋಟಿನ ನಡುಗೆರೆಯಿಂದ ತಟ್ಟೆಗಿರುವ ದೂರ ಎರಡುಪಟ್ಟಾದರೆ ತಡೆ ಎಂಟುಪಟ್ಟು, ಏಕೆಂದರೆ ತಟ್ಟೆಯ ವೇಗ ಎರಡುಪಟ್ಟು, ಅದರ ವರ್ಗ ನಾಲ್ಕುಪಟ್ಟು, ಮೇಲೆ ತೋಳಿನ ಉದ್ದ ಎರಡುಪಟ್ಟು. ಆದ್ದರಿಂದ ಕಂಬ ಚಾಚಿ, ಅದನ್ನು ಮೇಲಕ್ಕೂ ಮುಂದಕ್ಕೂ ಹಿಂದಕ್ಕೂ ಮೂರು ಹಗ್ಗದಿಂದ ಬಿಗಿಯಿರಿ. ರಾತ್ರಿ ಕಂಬದ ತುದಿಗೆ ದೀಪವಿರಲಿ.

ಪ್ರಶ್ನೆ: ಬೋಟು ಕೊಂಡಾಗಲೇ ಹೈಡ್ರಾಲಿಕ್ ಫಿನ್ ಇತ್ತು. ಈಗ ಬಲಗಡೆ ‘ಟಕ್ ಟಕ್’ ಸದ್ದು, ಶಾಫ್ಟ್ ಬುಡದಲ್ಲಿ ತೊಟ್ಟಿಕ್ಕುತ್ತದೆ. ಸೀಲ್ ಬದಲಿಸಿದರೆ ಸಾಕೇ?
– ಓದುಗರು, ಪಣಜಿ

ಉತ್ತರ: ತೊಟ್ಟಿಕ್ಕುವುದು ನೀರೋ ಎಣ್ಣೆಯೋ ಎಂದು ಟಿಶ್ಯೂ ಒತ್ತಿ ನೋಡಿ. ಹಲವು ಮಾದರಿಗಳಲ್ಲಿ ಎರಡು ಸೀಲುಗಳ ನಡುವೆ ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಉಪ್ಪುನೀರು ಬಂದರೆ ಹೊರಗಿನ ಸೀಲ್ ಹೋಗಿದೆ, ಒಳಗಿನದು ಇನ್ನೂ ತಡೆದಿದೆ ಎಂದರ್ಥ. ಆ ರಂಧ್ರಕ್ಕೆ ಎಂಸೀಲ್ ಮೆತ್ತುವವರಿದ್ದಾರೆ, ದಯವಿಟ್ಟು ಬೇಡ. ಟ್ಯಾಂಕಿನ ಎಣ್ಣೆ ಹಾಲಿನಂತಾಗಿದ್ದರೆ ಎಣ್ಣೆ ತಣಿಸುವ ಕೂಲರಿನ ಕೊಳವೆ ತೂತಾಗಿರಬಹುದು; ಅದನ್ನು ಬಿಟ್ಟು ಸೀಲ್ ಹಾಕಿದರೆ ಹೊಸದೂ ಹಾಳು.

ಸದ್ದು ಬೇರೆ ಕಥೆ. ಬೋಟು ನೀರಿನಿಂದ ಮೇಲಿದ್ದಾಗ, ಸಿಸ್ಟಂ ಆಫ್ ಮಾಡಿ ನಡುವಿನ ಲಾಕ್ ಪಿನ್ ಹಾಕಿ, ಫಿನ್ನಿನ ಹಿಂದಿನ ಅಂಚು ಹಿಡಿದು ಅಲುಗಾಡಿಸಿ. ಒಳಗೆ ಶಾಫ್ಟನ್ನು ತಿರುಗಿಸುವ ತೋಳು ಕದಲದೆ ಫಿನ್ ಮಾತ್ರ ಕದಲಿದರೆ ಶಾಫ್ಟಿನ ಟೇಪರ್ ನಟ್ ಸಡಿಲ. ತೋಳೂ ಕದಲಿದರೆ ಸಿಲಿಂಡರಿನ ಪಿನ್, ಬುಶ್ ಸವೆದಿವೆ. ಫಿನ್ ಮೇಲೆ-ಕೆಳಗೆ ಆಡಿದರೆ ಬೇರಿಂಗ್. ಬೇರಿಂಗ್ ಸವೆದಿರುವಾಗ ಸೀಲ್ ಮಾತ್ರ ಬದಲಿಸಿದರೆ ಅದು ಒಂದು ಸೀಸನ್ನೂ ಬಾಳುವುದಿಲ್ಲ. ಎರಡನ್ನೂ ಒಟ್ಟಿಗೆ, ಎರಡೂ ಕಡೆ ಬದಲಿಸಿ. ಫಿನ್ನಿಗೂ ಬೋಟಿನ ತಳಕ್ಕೂ ನಡುವಿನ ಸಂದಿಯಲ್ಲಿ ಚಿಪ್ಪು ಬೆಳೆದರೆ ಫಿನ್ ಸಿಕ್ಕಿಹಾಕಿಕೊಳ್ಳುತ್ತದೆ. ನಿಂತ ಬೋಟಿನಲ್ಲೂ ವಾರಕ್ಕೊಮ್ಮೆ ಐದು ನಿಮಿಷ ಆಡಿಸಿ. ರಿವರ್ಸ್ ಹಾಕುವ ಮೊದಲು ಫಿನ್ ನಡುವಿಗೆ ಬಂದು ಲಾಕ್ ಆಗಿರಬೇಕು. ಹಿಂದೆ ಓಡುವಾಗ ನೀರು ತಪ್ಪು ಕಡೆಯಿಂದ ಬಡಿದು ಇಂಥ ಪಿನ್‌ಗಳನ್ನೇ ತಿನ್ನುತ್ತದೆ.

ಪ್ರಶ್ನೆ: ಮಾಂಡ್ವಾದಲ್ಲಿರುವ ನಮ್ಮ 4 ಮೀಟರ್ ಅಗಲದ ಬೋಟು ತಟತಟನೆ ಓಲಾಡುತ್ತದೆ. ಬಿಲ್ಜಿನಲ್ಲಿ (ಬೋಟಿನ ತೀರಾ ತಳದ ಜಾಗ) ಅರ್ಧ ಟನ್ ಸೀಸ ಹಾಕಲೇ?
– ಓದುಗರು, ಪುಣೆ

ಉತ್ತರ: ಹಾಕಬೇಡಿ. ತಟತಟ ಎಂದರೆ ಜಿಎಂ ಈಗಾಗಲೇ ಹೆಚ್ಚು, ಅವಧಿ 3.2 ಸೆಕೆಂಡ್ ಇದ್ದರೆ ಒಂದು ಮೀಟರ್ ಆಯಿತು. ತಳಕ್ಕೆ ಸೀಸ ಹಾಕಿದರೆ ಇನ್ನಷ್ಟು ಏರಿ ಓಲಾಟ ಮತ್ತೂ ಒರಟಾಗುತ್ತದೆ. ನಡುವಿನಲ್ಲಿರುವ ಬ್ಯಾಟರಿ, ಬಿಡಿಭಾಗದ ಪೆಟ್ಟಿಗೆ, ಸರಪಳಿಗಳನ್ನು ಅದೇ ಎತ್ತರದಲ್ಲಿ ಎರಡೂ ಮಗ್ಗುಲಿಗೆ ಸಮವಾಗಿ ಸರಿಸಿ ಬಿಗಿಯಿರಿ. ಜಿಎಂ ಬದಲಾಗದೆ ಓಲಾಟ ನಿಧಾನವಾಗುತ್ತದೆ. ಉಳಿದದ್ದಕ್ಕೆ ಮೇಲೆ ಹೇಳಿದ ಬಿಲ್ಜ್ ಕೀಲ್.